ಮೊದಲ ಏಳು ನಿಮಿಷ

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ತಂಗಿ ಆರು ವರ್ಷ ಡಾಂಬರು ರಸ್ತೆಯ ಸೈಕಲ್ ರೇಸುಗಳಲ್ಲಿ ಪಳಗಿದವಳು. ಮುಂದಿನವರ ಬೆನ್ನಿಗಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವುದು, ಏರಿನಲ್ಲಿ ಒಂದೇ ಹದದಲ್ಲಿ ತುಳಿಯುವುದು, ಉಳಿಸಿಟ್ಟ ದಮ್ಮನ್ನೆಲ್ಲ ಕೊನೆಗೆ ಹಾಕುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಬೆಟ್ಟದ ರೇಸು ಮಾತ್ರ ಹೊಸದು. ಅದು ಅಕ್ಕನ ಸೀಮೆ. ಮಂಡಿ ಕೆಟ್ಟು ಅಕ್ಕ ಸೈಕಲ್ ಬಿಟ್ಟು ಒಂಬತ್ತು ವರ್ಷವಾಗಿದ್ದರೂ ಆ ಬೆಟ್ಟದಲ್ಲಿ ಅವಳ ದಾಖಲೆಯನ್ನು ಯಾರೂ ಮುರಿದಿರಲಿಲ್ಲ.

"ಗಾಬರಿ ಬೇಡ ಕಣೇ," ಎಂದಳು ಅಕ್ಕ, ತಂಗಿಯ ಟೈರನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾ. "ರಸ್ತೆಲಿ ಹೇಗೆ ಏರ್ತೀಯೋ ಹಾಗೇ ಏರು. ಮೊದಲ ಏರಲ್ಲಿ ದಮ್ಮು ಉಳಿಸ್ಕೋ. ಓಡೋರು ಓಡ್ಲಿ, ಆಮೇಲೆ ಒಬ್ಬೊಬ್ರಾಗಿ ಸಿಕ್ತಾರೆ."

ತಂಗಿ ಹಾಗೇ ಮಾಡಿದಳು. ಅಗಲದ ಮಣ್ಣುದಾರಿ ಏಳು ನಿಮಿಷ ಏರಿ, ಆಮೇಲೆ ಒಂದೇ ಸೈಕಲ್ ಹಿಡಿಸುವ ಕಾಲುದಾರಿಯಾಯಿತು. ಅಷ್ಟರಲ್ಲಿ ಅವಳ ಮುಂದೆ ಮೂವತ್ತು ಜನ. ಒಬ್ಬಳು ಬೇರಿಗೆ ತಗುಲಿ ಇಳಿದರೆ ಹಿಂದಿನವರೆಲ್ಲ ಇಳಿಯಬೇಕು. ಕಾಲಲ್ಲಿ ಕಸುವಿದೆ, ಹೋಗಲು ದಾರಿಯಿಲ್ಲ. ಹತ್ತೊಂಬತ್ತನೆಯವಳಾಗಿ ಮುಗಿಸಿದಳು.

ನೀರಿನ ಮೇಜಿನ ಬಳಿ ಅಕ್ಕನ ಹಳೆಯ ಗೆಳತಿ, ಬೇಕರಿಯವಳು, ಸಿಕ್ಕಳು. "ಯಾಕಮ್ಮ ಅಷ್ಟು ನಿಧಾನ ಹೊರಟೆ? ಇಲ್ಲಿ ಮೊದಲ ಏಳು ನಿಮಿಷಾನೇ ರೇಸು. ಜೀವ ಬಿಟ್ಟು ತುಳಿದು ಕಾಲುದಾರಿಗೆ ಮೊದಲು ನುಗ್ಬೇಕು, ಸುಧಾರಿಸ್ಕೊಳ್ಳೋದು ಆಮೇಲೆ. ನಮಗೆಲ್ಲ ಇದನ್ನ ಕಲಿಸಿದ್ದೇ ನಿಮ್ಮಕ್ಕ!"

ತಂಗಿ ಕುಡಿಯುತ್ತಿದ್ದ ಲೋಟವನ್ನು ಮೇಜಿನ ಮೇಲಿಟ್ಟು ಸೈಕಲ್ ಹತ್ತಿದಳು.

ಮನೆಯಲ್ಲಿ ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು.

"ಬೇಕೂ ಅಂತಾನೇ ಹಾಗೆ ಹೇಳಿದ್ಯಾ?"

ಅಕ್ಕ ಒಂದೇ ಟವೆಲನ್ನು ಮೂರು ಸಲ ಬಿಚ್ಚಿ ಮಡಚಿದಳು. "ನಿನ್ನ ಅಭ್ಯಾಸ ನೋಡಿದಾಗ್ಲೇ ಗೊತ್ತಾಯ್ತು, ನೀನು ನನ್ನ ದಾಖಲೆ ಮುರೀತೀಯ ಅಂತ. ಇನ್ನೊಂದೇ ಒಂದು ವರ್ಷ ನನ್ನದಾಗಿರ್ಲಿ ಅನ್ನಿಸ್ತು."

"ಹೋಗ್ಬೇಡ ಅಂದಿದ್ರೆ ನಾನು ಹೋಗ್ತಾನೇ ಇರ್ಲಿಲ್ವಲ್ಲೇ."

ಅಕ್ಕ ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಬೈದಿದ್ದರೆ ಇಬ್ಬರ ಮನಸ್ಸೂ ಹಗುರಾಗುತ್ತಿತ್ತೇನೋ. ತಂಗಿ ಬೈಯಲಿಲ್ಲ. ಉಪ್ಪು ಕೊಡು, ಬಾಗಿಲು ಹಾಕು ಎನ್ನುವಷ್ಟಕ್ಕೆ ಅಕ್ಕತಂಗಿಯರ ಮಾತು ನಿಂತಿತು. ವರ್ಷವಿಡೀ ತಂಗಿ ಒಬ್ಬಳೇ ಬೆಟ್ಟ ಹತ್ತಿ ಇಳಿದಳು.

ಮರುವರ್ಷ ಸೀಟಿ ಊದಿದ್ದೇ ತಡ, ಬಿಟ್ಟ ಬಾಣದಂತೆ ನುಗ್ಗಿದಳು. ಕಾಲುದಾರಿಗೆ ಹೊಕ್ಕಾಗ ಎರಡನೆಯವಳು, ಅರ್ಧ ಬೆಟ್ಟದಲ್ಲಿ ಮೊದಲನೆಯವಳು. ಕೊನೆಯ ಕಡಿದಾದ ಏರಿನ ಪಕ್ಕಕ್ಕೆ ಅಕ್ಕ ಕುಂಟಿಕೊಂಡು ಬಂದು ನಿಂತಿದ್ದಳು.

"ಎಡಕ್ಕೆ ತಗೋ! ಬಲಗಡೆ ಕಲ್ಲೆಲ್ಲ ರಾತ್ರಿ ಮಳೆಗೆ ಸಡಿಲ ಆಗಿದೆ! ಎದ್ದು ತುಳೀಬೇಡ, ಕೂತೇ ಇರು!"

ತಂಗಿಯ ಕೈ ಎಡಕ್ಕೆ ಹೊರಳಹೋಗಿ ತಡೆದು ನಿಂತಿತು. ಇವಳ ಮಾತು ನಂಬುವುದೇ? ಬಲಕ್ಕೆ ತಿರುಗಿಸಿ, ರಸ್ತೆಯ ಏರಿನಲ್ಲಿ ಮಾಡುವಂತೆ ಎದ್ದು ನಿಂತು ತುಳಿದಳು. ಭಾರ ತಪ್ಪಿದ ಹಿಂದಿನ ಗಾಲಿ ಜಲ್ಲಿಯಲ್ಲಿ ಗಿರ್ರನೆ ಸುತ್ತಿತು, ಸೈಕಲ್ ಮಗುಚಿತು. ಎದ್ದು ಹತ್ತುವಷ್ಟರಲ್ಲಿ ಇಬ್ಬರು ದಾಟಿಹೋದರು.

ಮೂರನೆಯ ಸ್ಥಾನ. ದಾಖಲೆ ಹನ್ನೊಂದು ಸೆಕೆಂಡಿನಲ್ಲಿ ತಪ್ಪಿತು.

ಅಕ್ಕ ಒದ್ದೆ ಬಟ್ಟೆ ಹಿಡಿದು ಕುಂಟುತ್ತಲೇ ಧಾವಿಸಿ ಬಂದಳು. ಅವಳ ಕಣ್ಣು ತುಂಬಿತ್ತು. "ಈ ಸಲ ನಿಜಾನೇ ಹೇಳ್ದೆ ಕಣೇ."

"ಬಿದ್ದ ಮೇಲೆ ಗೊತ್ತಾಯ್ತು," ಎಂದ ತಂಗಿ, ಅವಳ ಕೈಯಿಂದ ಬಟ್ಟೆ ಇಸಿದುಕೊಂಡು ಮೊಣಕೈಯನ್ನು ತಾನೇ ಒರೆಸಿಕೊಂಡಳು.