ಮೀಸಲು ತಟ್ಟೆ

ಬೆರಳಿನ ಎರಡು ಗೆಣ್ಣು ಮಣ್ಣಿನೊಳಗೆ ಹೋದರೂ ಕಾಳು ಸಿಗಲಿಲ್ಲ. ಇನ್ನೇನು ಬೆಲ್ಲು ಹೊಡೆಯುವ ಹೊತ್ತು. ಎಡಗೈಯಲ್ಲಿ ಹೆಸರುಕಾಳಿನ ಎಳೆ ಸಸಿ ಹಿಡಿದುಕೊಂಡು ಅವನು ಬಲಗೈಯಿಂದ ಕಾಗದದ ಲೋಟ ಕೆದಕುತ್ತಿದ್ದ. ಯಾರಾದರೂ ನೋಡಿದರೆ ಕಳ್ಳ ಅನ್ನಬೇಕು, ಹಾಗೆ.

ಕಳ್ಳತನವೇನಲ್ಲ. ಎರಡನೇ ತರಗತಿಯ ಮೇಷ್ಟ್ರುಗಳೆಲ್ಲ ಮಾಡಿಕೊಂಡು ಬಂದದ್ದೇ. ಬೀಜದ ವಾರ ಬಂತೆಂದರೆ ಸ್ಟಾಫ್ ರೂಮಿನ ಕಿಟಕಿಯಲ್ಲಿ ಒಂದು ತಟ್ಟೆ ಕಾಳು ಬೇರೆಯಾಗಿ ಮೊಳೆಯಲು ಇಡಬೇಕು. ಶುಕ್ರವಾರ ಬೆಳಿಗ್ಗೆ, ಮಕ್ಕಳು ಬರುವ ಮೊದಲು, ಮೊಳೆಯದ ಲೋಟಗಳಿಗೆ ಅದರಿಂದ ಒಂದೊಂದು ಸಸಿ ನೆಡಬೇಕು. ಅದರ ಹೆಸರು ಮೀಸಲು ತಟ್ಟೆ. 'ಯಾವ ಮಗೂನೂ ಖಾಲಿ ಲೋಟ ಹಿಡ್ಕೊಂಡು ಮನೆಗೆ ಹೋಗ್ಬಾರ್ದು' ಎಂದು ಹೆಡ್‌ಮೇಡಂ ಅಪ್ಪಣೆ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಸತ್ಯದ ಸ್ವರೂಪ ಎಂಬ ಪ್ರಬಂಧವನ್ನು ಅರ್ಧಕ್ಕೇ ಕೈಬಿಟ್ಟವನಿಗೆ ಇದರಲ್ಲಿ ತಕರಾರೇನೂ ಕಂಡಿರಲಿಲ್ಲ.

ಕೊನೆಗೆ ಬೆರಳಿಗೆ ಏನೋ ತಗುಲಿತು. ಎಳೆದರೆ ಗುಂಡಿ. ದೊಡ್ಡದು, ನೀಲಿ ಬಣ್ಣದ್ದು, ತೂತಿನಲ್ಲಿ ಇನ್ನೂ ನೂಲಿನ ತುಂಡು. ಅವನಿಗೆ ನಗು ಬಂತು. ಕಾಳು ಬಾಯಿಗೆ, ಗುಂಡಿ ಮಣ್ಣಿಗೆ! ಕಿಟಕಿಯಾಚೆ ಎಸೆದ, ಸಸಿ ನೆಟ್ಟ, ಪ್ಯಾಂಟಿಗೆ ಬೆರಳು ಒರೆಸಿಕೊಂಡ.

ಲೋಟ ಹಿಂದಿನ ಬೆಂಚಿನ ಹುಡುಗಿಯದು. ಸ್ಟಾಫ್ ರೂಮಿನಲ್ಲಿ ಅವಳಿಗೆ ಗುಮ್ಮನಗುಸುಕ ಎಂದೇ ಹೆಸರು. ಸೋಮವಾರ ಬಿತ್ತುವಾಗ ಅವಳದು ಮಾತಿಲ್ಲ. ಮಂಗಳವಾರ ಕಾಳು ಎಣಿಸುವಾಗ ತುಟಿಯಷ್ಟೇ ಆಡಿತು. ಬುಧವಾರ ಚಿತ್ರ ಬರೆಯಲು ಕೊಟ್ಟರೆ ಹಾಳೆಯ ತುಂಬ ಮಣ್ಣು ಬರೆದಳು. ನಿನ್ನೆ ಮಕ್ಕಳೆಲ್ಲ ಬೀಜವಾಗಿ ನೆಲದ ಮೇಲೆ ಮುದುಡಿಕೊಳ್ಳಬೇಕಿತ್ತು, ಅವನು ಚಪ್ಪಾಳೆ ತಟ್ಟಿದಂತೆ ಮೆಲ್ಲಗೆ ಏಳಬೇಕಿತ್ತು. ಎಲ್ಲರೂ ಎದ್ದರು, ಅವಳು ಏಳಲಿಲ್ಲ. 'ಈ ಕಾಳು ಯಾಕೋ ಗಟ್ಟಿ ಇದೆ' ಎಂದು ಅವನು ತಮಾಷೆ ಮಾಡಿದ್ದ. ತರಗತಿ ನಕ್ಕಿತ್ತು. ಅವಳು ಮುದುಡಿಕೊಂಡೇ ಇದ್ದಳು.

ಅವಳು ಒಂದು ಸಲ ತನ್ನ ಹತ್ತಿರ ಬಂದು ಮಾತಾಡಲಿ ಎಂದು ಅವನಿಗೆ ಆಸೆ. ಮಕ್ಕಳ ಮನಶ್ಶಾಸ್ತ್ರ, ಅದು ಇದು ಎಂದು ತನಗೇ ಹೇಳಿಕೊಳ್ಳುತ್ತಿದ್ದ. ಸಂಜೆ ಬೀಗ ತೆಗೆದು ಒಳಗೆ ಹೋದರೆ ತನ್ನ ಚಪ್ಪಲಿಯ ಸದ್ದೊಂದೇ ಕೇಳುವ ಮನೆ ಅವನದು. ಹಸಿದವನಿಗೆ ರುಚಿ ಬೇಡ ಅನ್ನುತ್ತಾರಲ್ಲ.

ಬೆಲ್ಲು ಹೊಡೆಯಿತು. ಮಕ್ಕಳು ಕಿಟಕಿಗೆ ಮುತ್ತಿಕೊಂಡರು. 'ನಂದು ಉದ್ದ!' 'ನಂದಕ್ಕೆ ಎರಡೆಲೆ!' ಗದ್ದಲ ಇಳಿದ ಮೇಲೆ ಯಾರೋ ಅವನ ತೋಳು ಎಳೆದರು. ಅವಳೇ.

'ಸಾರ್, ಬಂತು.'

ಎದೆ ತುಂಬಿ ಬಂತು ಅವನಿಗೆ. ಬಗ್ಗಿ ಕೇಳಿದ. 'ಏನು ಬಂತಮ್ಮಾ?'

'ಅಮ್ಮಂದು. ಅಮ್ಮನ ಸ್ವೆಟರ್ ಗುಂಡಿ ಹಾಕಿದ್ದೆ. ನೀವೇ ಹೇಳಿದ್ರಲ್ಲ, ಯಾವುದು ಬಿತ್ತುತ್ತೀರೋ ಅದೇ ಬರುತ್ತೆ ಅಂತ.'

ಅವನು ಸಸಿ ನೋಡಿದ. ಅದು ತನ್ನ ಪಾಡಿಗೆ ನೆಟ್ಟಗೆ ನಿಂತಿತ್ತು.

'ಅಮ್ಮ ಇವತ್ತೇ ಬರ್ತಾಳಾ ಸಾರ್?'

ಇಲ್ಲ ಅನ್ನಬೇಕಿತ್ತು. ಸಸಿ ನಾನು ನೆಟ್ಟದ್ದು, ಗುಂಡಿ ನಾನು ಎಸೆದದ್ದು ಅನ್ನಬೇಕಿತ್ತು. ಒಂದು ಉಸಿರಿನ ಮಾತು. ಆದರೆ ಅವಳ ಕೈ ಇನ್ನೂ ಅವನ ತೋಳಿನ ಮೇಲಿತ್ತು.

'ನೋಡೋಣ' ಎಂದ.

ಊಟದ ಬಿಡುವಿನಲ್ಲಿ ಕಿಟಕಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಹುಡುಕಿದ. ಕಸ ಗುಡಿಸುವ ಆಯಾ ಪೊರಕೆ ಊರಿಕೊಂಡು ನಿಂತಳು.

'ಏನು ಹುಡುಕ್ತಿದೀರಿ ಸಾರ್?'

'ಗುಂಡಿ.'

'ಅಂಗೀದಾ?'

'ಹೂಂ.'

'ಆಗ್ಲೇ ಗುಡಿಸಿ ಗಾಡಿಗೆ ಹಾಕಿದ್ನಲ್ಲ. ಅದಕ್ಯಾಕೆ ಇಷ್ಟು ಒದ್ದಾಟ? ಮನೆಯೋರಿಗೆ ಹೇಳಿದ್ರೆ ಬೇರೆ ಹೊಲಿದು ಕೊಡಲ್ವಾ?'

ಮನೆಯವಳು ಇನ್ನೊಂದು ಊರಿನಲ್ಲಿದ್ದಳು. ವರ್ಗವಾಗಿದೆ ಎಂದು ಅವನು ಎಲ್ಲರಿಗೂ ಹೇಳಿದ್ದ. ವರ್ಗ ಅವಳೇ ಕೇಳಿ ಪಡೆದದ್ದು ಎಂಬುದನ್ನು ಮಾತ್ರ ಹೇಳಿರಲಿಲ್ಲ. ಫೋನ್ ತೆಗೆದ.

'ಊಟ ಆಯ್ತಾ?'

'ಆಯ್ತು. ನಿಮ್ದು?'

'ಆಯ್ತು.' ಡಬ್ಬಿ ಇನ್ನೂ ತೆರೆದಿರಲಿಲ್ಲ. 'ಈ ವಾರ ಬರ್ತೀಯಾ?'

ಆ ಕಡೆ ಯಾರೋ ಕುರ್ಚಿ ಎಳೆದ ಸದ್ದು.

'ನೋಡೋಣ' ಎಂದಳು. 'ಇಡ್ಲಾ?'

ಅವಳೂ ಇಲ್ಲ ಅಂದಿರಲಿಲ್ಲ. ಪಾಪ, ಅವಳದೂ ಒಳ್ಳೆಯ ಮನಸ್ಸೇ. ಅವನು ಡಬ್ಬಿ ತೆರೆದು, ತಣ್ಣಗಾದದ್ದನ್ನು ತಿಂದು ಮುಗಿಸಿದ.

ಸಂಜೆ ಮಕ್ಕಳು ಲೋಟಗಳನ್ನು ಎದೆಗೊತ್ತಿಕೊಂಡು ಚದುರಿದರು. ಗೇಟಿನ ಮುಂದಿನ ಬಸ್ ಸ್ಟಾಪಿನಲ್ಲಿ ಹುಡುಗಿಯ ಅಜ್ಜಿ ಅವಳ ಚೀಲ ಹಿಡಿದು ಎಳೆಯುತ್ತಿದ್ದರು.

'ನಡಿಯೇ, ಹೊತ್ತಾಯ್ತು.'

'ಅಮ್ಮ ಬರ್ತಾಳೆ. ಸಾರ್ ಹೇಳಿದಾರೆ.'

ಅಜ್ಜಿ ಅವನ ಕಡೆ ತಿರುಗಿದರು. ಸಿಟ್ಟಿಗಿಂತ ಹೆಚ್ಚಾಗಿ ಆಯಾಸವೇ ಕಾಣುತ್ತಿತ್ತು. ಹತ್ತಿರ ಬಂದು ದನಿ ತಗ್ಗಿಸಿದರು.

'ನನ್ನ ಸೊಸೆ ಇನ್ನು ಬರಲ್ಲ ಮೇಷ್ಟ್ರೇ. ಅವಳಿಗೆ ಬೇರೆ ಮನೆ ಆಗಿದೆ. ಇವಳಿಗೆ ಹೇಳೋ ಬಾಯಿ ನಮಗ್ಯಾರಿಗೂ ಇಲ್ಲ. ಓದಿದೋರು, ನೀವಾದ್ರೂ ತಿಳಿಸಿ ಹೇಳಿ.'

ಅವನು ಹುಡುಗಿಯ ಮುಂದೆ ಕೂತ. ಅವಳು ಲೋಟವನ್ನು ಅವನಿಗೂ ಕಾಣುವಂತೆ ವಾಲಿಸಿದಳು. ಮಣ್ಣು ಒದ್ದೆಯಾಗಿತ್ತು, ದಿನವೆಲ್ಲ ನೀರು ಹಾಕಿದ್ದಿರಬೇಕು. ನಿಜ ಹೇಳಿದರೆ ಅವಳು ಮತ್ತೆ ನೆಲದ ಮೇಲೆ ಮುದುಡಿಕೊಳ್ಳುತ್ತಾಳೆ, ಇನ್ನೆಂದೂ ತೋಳು ಎಳೆಯುವುದಿಲ್ಲ.

'ಒಂದು ಬಸ್ಸು ನೋಡೋಣ' ಎಂದ.

'ಚೆನ್ನಾಯ್ತು. ಬೇಲೀನೇ ಎದ್ದು ಹೊಲ ಮೇಯ್ತು' ಎಂದು ಅಜ್ಜಿ ಕಟ್ಟೆಯ ಮೇಲೆ ಕುಸಿದರು.

ಬಸ್ಸು ಬಂತು. ಹುಡುಗಿ ತುದಿಗಾಲಿನಲ್ಲಿ ನಿಂತು, ಎರಡೂ ಕೈಯಲ್ಲಿ ಲೋಟವನ್ನು ತಲೆಯ ಮೇಲೆತ್ತಿ ಹಿಡಿದಳು. ಇಳಿದವರು ಒಬ್ಬೊಬ್ಬರಾಗಿ ಅವರವರ ದಾರಿ ಹಿಡಿದರು. ಒಬ್ಬ ಹೆಂಗಸು ಲೋಟ ನೋಡಿ ಮುಗುಳ್ನಕ್ಕು ದಾಟಿಹೋದಳು. ತಾನೂ ಒಂದೊಂದು ಮುಖವನ್ನೂ ಹುಡುಕುತ್ತಿದ್ದೇನೆಂದು ಅವನಿಗೆ ತಡವಾಗಿ ತಿಳಿಯಿತು. ಅವನು ಹುಡುಕುತ್ತಿದ್ದದ್ದು ಈ ಹುಡುಗಿಯ ತಾಯಿಯನ್ನಲ್ಲ.

'ಅಮ್ಮಂಗೆ ಕಾಣಿಸ್ಲಿಲ್ಲ ಅನ್ಸುತ್ತೆ' ಎಂದಳು ಹುಡುಗಿ. ಕೈ ಸೋತಿತ್ತು. 'ನೀವು ಎತ್ತರ ಇದೀರಿ ಸಾರ್. ನೀವು ಹಿಡೀರಿ.'

ಅವನು ಲೋಟ ತೆಗೆದುಕೊಂಡ. ಒದ್ದೆ ಕಾಗದ ಬೆರಳಿನಡಿ ಮೆತ್ತಗಾಗಿತ್ತು. ತಿರುವಿನಲ್ಲಿ ಇನ್ನೊಂದು ಬಸ್ಸು ಕಾಣಿಸಿತು. ಅವನು ಕೈಯನ್ನು ಆದಷ್ಟೂ ಮೇಲಕ್ಕೆತ್ತಿ, ತಾನೇ ನೆಟ್ಟ ಸಸಿಯನ್ನು ರಸ್ತೆಯ ಕಡೆ ತಿರುಗಿಸಿ ಹಿಡಿದು ನಿಂತ. ತಳದಿಂದ ಕೆಸರು ನೀರು ಮೊಣಕೈವರೆಗೆ ಇಳಿಯುತ್ತಿತ್ತು.