ಗ್ರೀನ್ ರೂಮಿನ ಹತ್ತು ಫೋಟೊಗಳು

ಹನ್ನೊಂದು ವರ್ಷಗಳಲ್ಲಿ ಮಹಮೂದಾ ಇನ್ನೂರಕ್ಕೂ ಹೆಚ್ಚು ಮದುವೆಗಳ ಫೋಟೊ ತೆಗೆದಿದ್ದಳು. ಆದರೆ ಇದು ನಾನು ತೆಗೆದದ್ದು ಎಂದು ತೋರಿಸಲು ಅವಳ ಬಳಿ ಒಂದೇ ಒಂದು ಫೋಟೊ ಇರಲಿಲ್ಲ.

ಕಳುವಾಗಿರಲಿಲ್ಲ, ಕಂಪ್ಯೂಟರ್ ಕೆಟ್ಟಿರಲೂ ಇಲ್ಲ. ಅದು ಅವಳೇ ಮಾಡಿಕೊಂಡ ಕಟ್ಟಳೆ. ಮೂಡಿಗೆರೆಯಿಂದ ಕಳಸ, ಸಂಸೆಯವರೆಗೆ ಮುಸ್ಲಿಂ ಮದುವೆಗಳಲ್ಲಿ ಹೆಂಗಸರ ಕಡೆಯ ಫೋಟೊ ತೆಗೆಯುವುದು ಅವಳ ಕೆಲಸ. ಗಂಡಸರು ಕಾಲಿಡದ ಆ ಕೋಣೆಯಲ್ಲಿ ದುಪಟ್ಟಾಗಳೆಲ್ಲ ಮೂಲೆ ಸೇರಿರುತ್ತವೆ. ಅತ್ತೆಯಂದಿರು ಕುಣಿಯುತ್ತಾರೆ, ಅಜ್ಜಿಯರು ಗಂಡಿನ ಕಡೆಯವರ ಮೂಗು, ಹೊಟ್ಟೆ, ಬೋಳುತಲೆ ಯಾವುದನ್ನೂ ಬಿಡದೆ ಹಾಡು ಕಟ್ಟುತ್ತಾರೆ. ಸಂಜೆ ಹೊರಡುವ ಮುಂಚೆ ಮಹಮೂದಾ ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ ಮದುಮಗಳ ತಾಯಿಯ ಕೈಗೆ ಕೊಡುತ್ತಿದ್ದಳು. ಆಮೇಲೆ ಕ್ಯಾಮೆರಾವನ್ನು ಮದುಮಗಳ ಕೈಗಿಟ್ಟು, "ಡಿಲೀಟ್ ನೀವೇ ಒತ್ತಿ," ಎನ್ನುತ್ತಿದ್ದಳು. ಮೆಹೆಂದಿಯ ಬೆರಳು ಒತ್ತುತ್ತಿತ್ತು, ಕಾರ್ಡು ಖಾಲಿಯಾಗುತ್ತಿತ್ತು. ಆ ಒಂದು ಬೆರಳಿನಿಂದಾಗಿಯೇ ಎಂಥ ಕಟ್ಟುನಿಟ್ಟಿನ ಮನೆಯವರೂ ಅವಳನ್ನು ಒಳಗೆ ಬಿಡುತ್ತಿದ್ದರು.

ಕ್ಯಾಮೆರಾ ಹಿಡಿಯಲು ಅವಳ ಸ್ವಂತ ಮದುವೆಯೇ ಕಾರಣ. ಅಂದು ಬಂದಿದ್ದ ಫೋಟೊದವನು ಗಂಡಸು. ಆಲ್ಬಮ್ಮಿನ ನಲವತ್ತು ಫೋಟೊಗಳಲ್ಲೂ ಅವಳು ಜಾವೇದನ ಪಕ್ಕ ತಲೆ ತಗ್ಗಿಸಿ ಕೂತಿದ್ದಾಳೆ. "ಹಲ್ಲು ಕೀಳಿಸೋಕೆ ಕೂತೋಳ ಹಾಗಿದೀಯ ಮಾರಾಯ್ತಿ," ಎಂದು ಜಾವೇದ್ ಇಂದಿಗೂ ರೇಗಿಸುತ್ತಾನೆ. ಆ ದಿನ ಒಳಕೋಣೆಯಲ್ಲಿ ಅವಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದಳು. ಅದಕ್ಕೆ ಸಾಕ್ಷಿಯೇ ಇಲ್ಲವಲ್ಲ ಎಂಬ ಸಂಕಟ ಅವಳಿಗೆ ಒಂದು ದಿನವೂ ಆರಿರಲಿಲ್ಲ.

ಹೀಗಿರುವಾಗ ಮೂಡಿಗೆರೆಯಲ್ಲಿ ಸಿನಿಮಾ ಮಾಡುತ್ತೇನೆಂದು ಓಡಾಡುವ ರಕ್ಷಾ ಮನೆಗೆ ಬಂದಳು. ಗೆಳತಿ ಜಿಕ್ರಾಳ ಮದುವೆಯಲ್ಲಿ ಮಹಮೂದಾ ಕೆಲಸ ಮಾಡುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಕಾಫಿ ಕೊಯ್ಲು ಮುಗಿದ ಮೇಲೆ ಈ ಬೆಟ್ಟಗಳ ಕಲಾವಿದರೆಲ್ಲ ಸೇರಿ ಒಂದು ಭಾನುವಾರ ಮೂಡಿಗೆರೆಯ ಒಂದು ಹಾಲ್‌ನಲ್ಲಿ ಹಬ್ಬ ಮಾಡುವುದೆಂದು ನಿಶ್ಚಯವಾಗಿತ್ತು. ಗಿಟಾರ್ ಹಿಡಿದು ಮಲೆನಾಡಿನ ಮಾತಿನಲ್ಲೇ ಹಾಡು ಕಟ್ಟುವ ನಂದನ್ ಒಪ್ಪಿದ್ದ. ನಾಟಕ ಚನ್ನಕೇಶವನದು. ಅವನು ಒಂದು ಎಸ್ಟೇಟಿನ ರೈಟರ್, ಅಂದರೆ ಹಗಲೆಲ್ಲ ಆಳುಗಳ ಹಾಜರಿ ಬರೆದು ಸಂಜೆ ಅದೇ ಆಳುಗಳನ್ನು ರಾಜ, ಮಂತ್ರಿ ಮಾಡುವವನು.

"ಹತ್ತೇ ಹತ್ತು ಫೋಟೊ ಸಾಕು ಅಕ್ಕ, ಗೋಡೆಗೆ ಹಾಕೋಣ," ಎಂದಳು ರಕ್ಷಾ.

ಮಹಮೂದಾಗೆ ಒಮ್ಮೆ ಆಸೆ ಹುಟ್ಟಿತು, ಮರುಕ್ಷಣ ಆರಿತು. "ನನ್ನ ಹತ್ರ ಇಲ್ವಲ್ಲ," ಎಂದಳು.

ಒಳಗಿನಿಂದ ಜಾವೇದ್ ಹೇಳಿದ, "ಇಲ್ದಿದ್ರೆ ಎಂತಾಯ್ತು? ಇರೋರ ಮನೆಗೆ ಹೋಗಿ ಕೇಳು. ಜೀಪು ನಂದು."

ಮೊದಲು ಹೋದದ್ದು ಸಂಸೆಗೆ, ಆಮ್ನಾಳ ಮನೆಗೆ. ಮದುವೆಯಾಗಿ ಆರು ವರ್ಷವಾಗಿ ಎರಡು ಮಕ್ಕಳ ತಾಯಿಯಾಗಿದ್ದ ಆಮ್ನಾ ಬೀರು ತೆಗೆದು, ಗಂಡನ ಮನೆಗೆ ಬರುವಾಗ ತಾಯಿ ಕೊಟ್ಟಿದ್ದ ಪೆನ್‌ಡ್ರೈವನ್ನು ಓಲೆಯ ಡಬ್ಬಿಯೊಳಗಿಂದ ತಂದಳು. ಮಹಮೂದಾ ಅಂದು ಒರೆಸಿ ಕೊಟ್ಟಿದ್ದ ಹಾಗೇ ಇತ್ತು.

"ಎಷ್ಟು ಸಲ ನೋಡಿದ್ರಿ?" ಮಹಮೂದಾ ಕೇಳಿದಳು.

"ಎಲ್ಲಿ ನೋಡೋದು ಆಪಾ? ಮನೇಲಿ ಕಂಪ್ಯೂಟರ್ ಇಲ್ಲ. ಇವ್ರ ಅಂಗಡೀಲಿದೆ, ಅಲ್ಲಿ ನಾಲ್ಕು ಜನ ಗಿರಾಕಿ ಎದುರು ಬಿಚ್ಚೋಕಾಗ್ತದಾ? ಭದ್ರವಾಗಿದೆ ಅಂತ ಸುಮ್ಮನಿದ್ದೆ."

ಮಹಮೂದಾ ಅಲ್ಲೇ ಕೂತು ತನ್ನ ಲ್ಯಾಪ್‌ಟಾಪ್ ತೆರೆದಳು. ಏಳನೆಯ ಫೋಟೊದಲ್ಲಿ ಆಮ್ನಾಳ ಅಜ್ಜಿ ತಲೆ ಮೇಲೆ ತಟ್ಟೆ ಇಟ್ಟುಕೊಂಡು, ಹಲ್ಲಿಲ್ಲದ ಬಾಯಿ ತೆರೆದು, ಸೊಂಟ ತಿರುಗಿಸುತ್ತಿದ್ದರು. ಅಜ್ಜಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆಮ್ನಾ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು, ಅಳುತ್ತಲೇ ನಕ್ಕಳು. "ಅಮ್ಮಿ ಇದನ್ನ ನೋಡ್ಬೇಕಿತ್ತು. ಕಳಸದಲ್ಲಿ ಕೂತು ಅಜ್ಜಿದೊಂದು ಒಳ್ಳೆ ಫೋಟೊ ಇಲ್ಲ ಅಂತ ದಿನಾ ಹೇಳ್ತಾಳೆ."

ಉಳಿದ ಒಂಬತ್ತು ಮನೆಗಳಲ್ಲೂ ಅದೇ ಕಥೆ. ಒಂದು ಪೆನ್‌ಡ್ರೈವ್ ಅಕ್ಕಿ ಡಬ್ಬದಲ್ಲಿ, ಒಂದು ಮದುವೆ ಸೀರೆಯ ಮಡಿಕೆಯಲ್ಲಿ. ಎಲ್ಲವೂ ಭದ್ರ, ಯಾರೂ ನೋಡಿಲ್ಲ. ಗಂಡಸರ ಕಣ್ಣಿಗೆ ಬೀಳದಿರಲಿ ಎಂದು ತಾನು ಇಷ್ಟೆಲ್ಲ ಕಾಪಾಡಿದ್ದು ಹೆಂಗಸರ ಕಣ್ಣಿಗೂ ಬೀಳದೆ ಹೋಯಿತಲ್ಲ ಎಂದು ಮಹಮೂದಾ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಹತ್ತು ಮನೆಯವರೂ ಒಂದೊಂದು ಫೋಟೊ ಕೊಟ್ಟರು. ಹತ್ತು ಮನೆಯವರದೂ ಒಂದೇ ಷರತ್ತು, ಗಂಡಸರು ನೋಡಬಾರದು. ಅವಳು ಮಾತು ಕೊಟ್ಟೇ ತಂದಳು.

ರಕ್ಷಾ ಎಲ್ಲಿಂದಲೋ ಒಂದು ದೊಡ್ಡ ಪ್ರಿಂಟರ್ ಹೊಂದಿಸಿದಳು. ಇಬ್ಬರೇ ಬಾಗಿಲು ಹಾಕಿಕೊಂಡು ಹತ್ತನ್ನೂ ಪ್ರಿಂಟ್ ಮಾಡಿದರು. ಇನ್ನೇನು ಗೋಡೆಗೆ ಹಾಕಬೇಕು ಎನ್ನುವಾಗ ಹಬ್ಬದ ಕಾರ್ಯದರ್ಶಿ ಷಡಕ್ಷರಿ ಮೇಷ್ಟ್ರು ಅಡ್ಡ ಬಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

"ಸಾರ್ವಜನಿಕ ಕಾರ್ಯಕ್ರಮ ಕಣಮ್ಮ. ಅರ್ಧ ಊರನ್ನ ಹೊರಗೆ ನಿಲ್ಸೋಕೆ ಆಗ್ತದಾ? ಮುಖ ಸ್ವಲ್ಪ ಮಸುಕು ಮಾಡಿ ಹಾಕು."

"ಮುಖ ಮಸುಕು ಮಾಡಿದ್ರೆ ಉಳಿಯೋದು ಎಂತ ಸರ್? ನಾನು ಹಾಕೋದೇ ಇಲ್ಲ ಬಿಡಿ," ಎಂದು ಮಹಮೂದಾ ಫೋಟೊಗಳ ಕಟ್ಟನ್ನು ಎತ್ತಿಕೊಂಡಳು. ದನಿ ಗಟ್ಟಿಯಾಗಿತ್ತು. ಒಳಗೆ ಮಾತ್ರ ಹನ್ನೊಂದು ವರ್ಷವೂ ಆ ಕಟ್ಟಿನ ಜೊತೆಗೆ ಮನೆಗೆ ವಾಪಸು ಹೋಗುತ್ತಿದೆ ಅನ್ನಿಸುತ್ತಿತ್ತು.

ರಂಗದ ಮೇಲೆ ಮೊಳೆ ಹೊಡೆಯುತ್ತಿದ್ದ ಚನ್ನಕೇಶವ ಸುತ್ತಿಗೆ ಕೆಳಗಿಟ್ಟ. "ಮೇಷ್ಟ್ರೇ, ನಮ್ಮ ನಾಟಕದ ಗ್ರೀನ್ ರೂಮಿಗೆ ನಿಮ್ಮನ್ನ ಯಾವತ್ತಾದ್ರೂ ಬಿಟ್ಟಿದೀವಾ?"

"ಇಲ್ಲ."

"ಬೇಜಾರಾಯ್ತಾ?"

"ಅದೆಂತಕ್ಕೆ ಬೇಜಾರು? ಬಣ್ಣ ಹಚ್ಚೋ ಜಾಗ ಅದು."

"ಹಾಗೇ ಅಂದ್ಕೊಳ್ಳಿ. ಗ್ರೀನ್ ರೂಮು ಇವ್ರಿಗೆ ಕೊಡ್ತೀನಿ, ಬಾಗಿಲಿಗೆ ನಮ್ಮ ಹಳೆ ಪರದೆ ಕಟ್ಟೋಣ. ಹೆಂಗಸರು ಒಳಗೆ ಹೋಗಿ ನೋಡ್ಲಿ, ನಾವು ಪರದೆ ನೋಡೋಣ. ಆದ್ರೆ ಮೂರು ಗಂಟೆಗೆ ನನ್ನ ಹುಡುಗ್ರು ಬಣ್ಣ ಹಚ್ಚೋಕೆ ಕೂರ್ಬೇಕು, ಅಷ್ಟ್ರೊಳಗೆ ಮುಗೀಬೇಕು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದರೆ ಹೀಗೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಯಾರೂ ಬರದೆ ಖಾಲಿ ಕೋಣೆಗೆ ಪರದೆ ಕಟ್ಟಿದ ಹಾಗಾದ್ರೆ ಮರ್ಯಾದೆ ಹೋಗೋದು ನಮ್ದು," ಎಂದು ಗೊಣಗಿಯೇ ಒಪ್ಪಿದರು.

ಭಾನುವಾರ ಬೆಳಗ್ಗೆ ಮಹಮೂದಾ ಹತ್ತು ಫೋಟೊಗಳನ್ನೂ ಗ್ರೀನ್ ರೂಮಿನ ಕನ್ನಡಿಗಳ ಮೇಲೆ ಸಾಲಾಗಿ ಅಂಟಿಸಿದಳು. ನುಸಿಗುಳಿಗೆಯ ವಾಸನೆಯ ಕೆಂಪು ಪರದೆ ಬಾಗಿಲಿಗೆ ಬಂತು. ಹತ್ತು ಮನೆಗೂ ಫೋನು ಮಾಡಿ, ಹನ್ನೊಂದಕ್ಕೆಲ್ಲ ಬನ್ನಿ ಎಂದಿದ್ದಳು. ಕಳಸದ ಕಡೆಯವರನ್ನು ತರಲು ಜಾವೇದ್ ನಸುಕಿನಲ್ಲೇ ಹೊರಟಿದ್ದ, ಜೊತೆಗೆ ಇನ್ನೆರಡು ಜೀಪು.

ಹನ್ನೊಂದಾಯಿತು. ಹನ್ನೆರಡಾಯಿತು. ಹೊರಗೆ ನಂದನ್ ಎರಡು ಹಾಡು ಮುಗಿಸಿ ಮೂರನೆಯದಕ್ಕೆ ಶ್ರುತಿ ಮಾಡುತ್ತಿದ್ದ. ಪರದೆಯೊಳಗೆ ಬಂದವರೆಂದರೆ ಹಾಲ್ ಗುಡಿಸುವ ಶಂಕರಮ್ಮ ಒಬ್ಬರೇ. ಅವರು ಅಜ್ಜಿಯ ಫೋಟೊ ಮುಂದೆ ನಿಂತು, "ಈ ಅಮ್ಮಂಗೆ ಎಂಥ ಖುಷಿ ನೋಡಿ," ಎಂದು ಪೊರಕೆ ಹಿಡಿದುಕೊಂಡೇ ನಕ್ಕು ಹೋದರು. ಜಾವೇದನ ಫೋನು ಸಿಗುತ್ತಿರಲಿಲ್ಲ. ಗಂಡಂದಿರು ಬೇಡ ಎಂದಿರಬೇಕು, ಅತ್ತೆಯರು ತಡೆದಿರಬೇಕು, ಅಥವಾ ಅವರಿಗೇ ನಾಚಿಕೆ ಬಂದಿರಬೇಕು. ಮಹಮೂದಾ ಒಂದೊಂದನ್ನೇ ಎಣಿಸುತ್ತಾ ಕೂತಳು. ಒಂದೂವರೆಗೆ ಮೇಷ್ಟ್ರು ಪರದೆಯ ಹೊರಗಿನಿಂದ ಮೆಲ್ಲಗೆ ಕೆಮ್ಮಿದರು. ಅವಳು ಎದ್ದು ಮೊದಲನೆಯ ಫೋಟೊದ ಟೇಪಿಗೆ ಉಗುರು ಹಾಕಿದಳು.

ಆಗ ಹೊರಗೆ ಜೀಪುಗಳ ಸದ್ದಾಯಿತು.

ಮೂರು ಜೀಪಿನಿಂದ ಮೂವತ್ತೊಂದು ಹೆಂಗಸರು ಇಳಿದರು. ಹತ್ತು ಜನರನ್ನು ಕರೆದರೆ ಅಕ್ಕ, ನಾದಿನಿ, ಅತ್ತೆ, ಪಕ್ಕದ ಮನೆಯ ತನುಜಾ ಎಲ್ಲ ಸೇರಿದ್ದರು. ಮದುವೆಗೆ ಹೊರಟವರ ಹಾಗೆ ಉಟ್ಟಿದ್ದರು. ಜಾವೇದ್ ಮುಖ ಒರೆಸಿಕೊಳ್ಳುತ್ತಾ ಹೇಳಿದ, "ನನ್ನ ತಪ್ಪಲ್ಲ ಮಾರಾಯ್ತಿ. ಕೊಟ್ಟಿಗೆಹಾರ ಬಂತು, ನೀರುದೋಸೆ ತಿನ್ದೆ ಮುಂದೆ ಹೋಗೋದಿಲ್ಲ ಅಂದ್ರು. ಮೂವತ್ತೊಂದು ಜನಕ್ಕೆ ದೋಸೆ ಹುಯ್ಯೋದು ಅಂದ್ರೆ ಎಂತ ಅಂದ್ಕೊಂಡಿದೀಯ?"

ಮಹಮೂದಾಗೆ ಅವನ ಮೇಲೆ ರೇಗಬೇಕೆನ್ನಿಸಿತು, ತಬ್ಬಿಕೊಳ್ಳಬೇಕೆಂದೂ ಅನ್ನಿಸಿತು. ಎರಡಕ್ಕೂ ಪುರುಸೊತ್ತಿರಲಿಲ್ಲ.

ಒಳಗೆ ಬಂದವರು ಮೊದಲು ಮಾಡಿದ್ದು ಪರದೆಯ ತಪಾಸಣೆ. ಕಣ್ಣಿನ ಮಟ್ಟಕ್ಕೆ ಎರಡು ನುಸಿ ತೂತು ಸಿಕ್ಕವು. ಜಿಕ್ರಾ ತನ್ನ ಪಿನ್ನು ತೆಗೆದು ಮಡಿಸಿ ಮುಚ್ಚಿದಳು. ಆಮೇಲೆ ಎಲ್ಲರೂ ಕನ್ನಡಿಗಳ ಕಡೆ ತಿರುಗಿದರು.

ಆಮ್ನಾಳ ಅಮ್ಮ ಅಜ್ಜಿಯ ಫೋಟೊ ಇದ್ದ ಕನ್ನಡಿಯ ಮುಂದೆ ನಿಂತರು. ತಮ್ಮ ತಾಯಿಯ ಹಲ್ಲಿಲ್ಲದ ಬಾಯಿ, ತಲೆಯ ಮೇಲಿನ ತಟ್ಟೆ, ತಿರುಗುತ್ತಿರುವ ಸೊಂಟ. ಅವರು ಕೈ ಚಾಚಿ ಫೋಟೊದ ಕೆನ್ನೆ ಮುಟ್ಟಿದರು. "ಕೊನೇ ಎರಡು ವರ್ಷ ಹಾಸಿಗೇಲೇ ಇದ್ದಳು. ನನಗೆ ಕಣ್ಣು ಮುಚ್ಚಿದ್ರೆ ಆ ಹಾಸಿಗೇನೇ ಬರ್ತಿತ್ತು," ಎಂದರು. "ಇವತ್ತಿಂದ ಇದು ಬರ್ತದೆ."

ನಿಂತಲ್ಲೇ ಅವರು ಅಜ್ಜಿ ಆ ದಿನ ಹಾಡಿದ್ದ ಹಾಡು ಎತ್ತಿದರು, ಬೀಗರ ಬೋಳುತಲೆಯ ಹಾಡು. ಇನ್ನೊಬ್ಬರು ಸೇರಿದರು, ಯಾರೋ ಬಣ್ಣದ ಡಬ್ಬಿಯನ್ನೇ ಬಡಿದರು. ಶಂಕರಮ್ಮ ಪೊರಕೆ ಮೂಲೆಗಿಟ್ಟು ಬಂದು ಚಪ್ಪಾಳೆ ತಟ್ಟಿದರು.

ಹೊರಗೆ ನಂದನ್ ಹಾಡುವುದನ್ನು ನಿಲ್ಲಿಸಿ ಗಿಟಾರ್ ಮಡಿಲಲ್ಲಿಟ್ಟುಕೊಂಡು ಕೂತ. ಪರದೆಯ ಎದುರು ಕುರ್ಚಿ ಹಾಕಿಕೊಂಡ ಗಂಡಸರು ಒಳಗಿನ ನಗು ಕೇಳಿ ಕಾರಣ ಗೊತ್ತಿಲ್ಲದೆಯೂ ನಗತೊಡಗಿದರು. ಮೇಷ್ಟ್ರು ತಮ್ಮ ಬೋಳುತಲೆಯನ್ನು ಒಮ್ಮೆ ಸವರಿಕೊಂಡರು. ರಕ್ಷಾ ತಲೆ ಒಳಗೆ ಹಾಕಿ, ಈ ಪರದೆಯನ್ನು ಚಿತ್ರೀಕರಿಸಲೇ ಎಂದು ಕೇಳಿದಳು. "ದನಿ ಇರ್ಲಿ, ಮುಖ ಬೇಡ," ಎಂದರು ಆಮ್ನಾಳ ಅಮ್ಮ. ಹಾಗೆ ರಕ್ಷಾಳ ಮೊದಲ ಸಿನಿಮಾದಲ್ಲಿ ಒಂದು ಕೆಂಪು ಪರದೆ ಬಿಟ್ಟರೆ ಬೇರೆ ಯಾರೂ ಇಲ್ಲ.

ಮೂರು ಗಂಟೆಯಾಯಿತು. ಚನ್ನಕೇಶವ ಹೊರಗಿನಿಂದ ಕೂಗಿ ಹೇಳಿದ, "ನಿಧಾನ ಮಾಡಿ. ನಮ್ಮ ರಾಜ ಇವತ್ತು ಮರದಡಿ ಬಣ್ಣ ಹಚ್ಕೊಳ್ತಾನೆ." ಆಮ್ನಾ ಮಹಮೂದಾಳ ಕೈ ಹಿಡಿದು, ಮುಂದಿನ ತಿಂಗಳು ಕಳಸದಲ್ಲೂ ಹಾಕಬೇಕು, ಜಾಗ ನಾವು ನೋಡುತ್ತೇವೆ ಎಂದಳು. ಮಹಮೂದಾ ಏನು ಹೇಳಿದಳೋ, ಪಕ್ಕದಲ್ಲಿ ಯಾರು ಏನು ಚುಚ್ಚಿದರೋ, ಅವಳು ತಲೆ ಹಿಂದಕ್ಕೆ ಹಾಕಿ, ಬಾಯಿ ತುಂಬ ನಕ್ಕಳು.

ಕ್ಲಿಕ್ ಎಂದು ಸದ್ದಾಯಿತು. ಬೆಂಚಿನ ಮೇಲಿದ್ದ ಅವಳದೇ ಕ್ಯಾಮೆರಾ ಈಗ ಜಿಕ್ರಾಳ ಕೈಲಿತ್ತು.

ಜಿಕ್ರಾ ಹತ್ತಿರ ಬಂದು ಕ್ಯಾಮೆರಾವನ್ನು ಅವಳ ಕೈಗಿಟ್ಟು, ಅವಳದೇ ದನಿಯನ್ನು ಅಣಕಿಸಿ, "ಡಿಲೀಟ್ ನೀವೇ ಒತ್ತಿ," ಎಂದಳು.

ಮಹಮೂದಾ ನೋಡಿದಳು. ಹನ್ನೊಂದು ವರ್ಷ ತಾನು ಹುಡುಕುತ್ತಿದ್ದವಳು ಅಲ್ಲಿದ್ದಳು. ಫೋಟೊದಲ್ಲಿ ಬೇರೆ ಯಾರ ಮುಖವೂ ಇರಲಿಲ್ಲ. ಬೆರಳು ಗುಂಡಿಯ ಮೇಲೆ ಸ್ವಲ್ಪ ಹೊತ್ತು ನಿಂತು, ಹಾಗೇ ಈಚೆಗೆ ಬಂತು.

ಅವಳು ಪರದೆ ಸರಿಸಿ ಹೊರಗೆ ಹೋದಳು. ಜಾವೇದ್ ಜೀಪಿನ ಮುಂಭಾಗಕ್ಕೆ ಒರಗಿ ಟೀ ಕುಡಿಯುತ್ತಿದ್ದ. ಅವಳು ಕ್ಯಾಮೆರಾವನ್ನು ಅವನ ಮುಂದೆ ಹಿಡಿದಳು. ಅವನು ಲೋಟ ಬಾನೆಟ್ಟಿನ ಮೇಲಿಟ್ಟು, ಬಿಸಿಲಿಗೆ ಕೈ ಅಡ್ಡ ಹಿಡಿದು, ಬಹಳ ಹೊತ್ತು ನೋಡಿದ.

"ಹಲ್ಲೆಲ್ಲ ನೆಟ್ಟಗಿದಾವಲ್ಲ ಮಾರಾಯ್ತಿ," ಎಂದ. "ಆಲ್ಬಮ್ಮಿನ ಮೊದಲನೇ ಹಾಳೆಗೆ ಇದನ್ನೇ ಹಾಕೋಣ."