ಮರಳು ಮುಟ್ಟುವ ಮುನ್ನ

ಆದಿತ್ಯವಾರ ಬೆಳಿಗ್ಗೆ ಉರ್ವದ ಮನೆಯ ಹಿತ್ತಿಲಲ್ಲಿ, ಒಗೆಯುವ ಕಲ್ಲಿನ ಪಕ್ಕ ಕುಳಿತು ಶಶಿಪ್ರಭಾ ಬಂಗುಡೆ ಮೀನು ಸೀಳಿ ತೊಳೆಯುತ್ತಿದ್ದಳು. ಹತ್ತರಲ್ಲಿ ಆರು ಮುಗಿದಿತ್ತು. ಬೆಕ್ಕು ತನ್ನ ಪಾಲಿಗೆ ಕಾದು ಕುಳಿತಿತ್ತು. ಅಷ್ಟರಲ್ಲಿ ಎದುರಿನ ಗೇಟಿನ ಸದ್ದಾಯಿತು.

"ಅಕ್ಕಾ, ಸರ್ ಇದ್ದಾರಾ?"

ಸೆರಗಿಗೆ ಕೈ ಒರೆಸಿಕೊಂಡು ಅವಳು ಅಂಗಳಕ್ಕೆ ಬಂದಳು. ಇಗರ್ಜಿಗೆ ಹಾಕುವ ಇಸ್ತ್ರಿಯ ಅಂಗಿಯಲ್ಲಿ ಪಿಯುಸ್ ನಿಂತಿದ್ದ. ಅವಳ ಗಂಡ ತಾರಾನಾಥ ಮ್ಯಾನೇಜರ್ ಆಗಿರುವ ಕಾರ್ಖಾನೆಯಲ್ಲೇ ಅವನು ನಕ್ಷೆ ಬರೆಯುವ ಕೆಲಸಕ್ಕಿದ್ದ. ಅವನ ಹೆಗಲಲ್ಲಿ ಗಾಲ್ಫ್ ಕೋಲುಗಳ ಹಳೆಯ ಚೀಲ. ಎರಡು ವರ್ಷದ ಹಿಂದೆ ತಾರಾನಾಥನೇ ಅವನಿಗೆ ಕೊಟ್ಟದ್ದು.

"ಇದನ್ನು ವಾಪಸು ಕೊಡ್ಲಿಕ್ಕೆ ಬಂದೆ ಅಕ್ಕಾ. ನನಗೆ ಇನ್ನು ಬೇಡ."

"ಕೂತ್ಕೊಳ್ಳಿ ಮೊದಲು. ಎಸ್ತೆರ್ ಹೇಗಿದ್ದಾಳೆ?" ಶಶಿಪ್ರಭಾ ಅವನ ಹೆಂಡತಿಯ ಬಗ್ಗೆ ಕೇಳಿದಳು.

"ಇದ್ದಾಳೆ," ಎಂದ. ಆದರೆ ಚೀಲವನ್ನು ಹೆಗಲಿನಿಂದ ಇಳಿಸಲಿಲ್ಲ.

ಜಗಲಿಯ ಮೂಲೆಯಲ್ಲಿ ಹತ್ತು ವರ್ಷದ ಮಗಳು ಆಶಾಲತಾ ಮೊಣಕಾಲಿಗೆ ಗಲ್ಲ ಊರಿ ಕುಳಿತಿದ್ದಳು. ನಿನ್ನೆ ಸಂಜೆ ಅಪ್ಪನ ಸ್ಕೂಟರಿನಿಂದ ಇಳಿದ ಮೇಲೆ ಅವಳು ಸರಿಯಾಗಿ ಮಾತಾಡಿರಲಿಲ್ಲ. ರಾತ್ರಿ ಊಟ ಅರ್ಧಕ್ಕೆ ಬಿಟ್ಟಿದ್ದಳು. ಶಶಿಪ್ರಭಾ ಹಣೆ ಮುಟ್ಟಿ ನೋಡಿದಳು, ಜ್ವರವಿರಲಿಲ್ಲ. ಹೇಳುವಾಗ ಹೇಳುತ್ತಾಳೆ ಎಂದು ಸುಮ್ಮನಾದಳು.

ನಿನ್ನೆ ಕಾರ್ಖಾನೆಯ ಮೈದಾನದಲ್ಲಿ ಗಾಲ್ಫ್ ಫೈನಲ್. ಪಿಯುಸ್‌ನಂತೆ ಅಧಿಕಾರಿಯಲ್ಲದವನೊಬ್ಬ ಫೈನಲ್‌ಗೆ ಬಂದದ್ದು ಅದೇ ಮೊದಲು. ಎದುರಾಳಿ ತಾರಾನಾಥ ಆರು ವರ್ಷಗಳಲ್ಲಿ ಮೂರು ಸಲ ಫೈನಲ್‌ನಲ್ಲಿ ಸೋತವನು. ಕಡಿಮೆ ಹೊಡೆತದಲ್ಲಿ ಚೆಂಡನ್ನು ಗುಂಡಿಗೆ ಹಾಕಿದವನಿಗೆ ಆ ಗುಂಡಿ; ಕೊನೆಯ ಗುಂಡಿಯವರೆಗೆ ಇಬ್ಬರೂ ಸಮಸಮ. ಆಗ ಪಿಯುಸ್‌ನ ಚೆಂಡು, ದಾರಿಗೆ ಅಡ್ಡವಾಗಿ ತೋಡಿದ್ದ ಮರಳ ಹೊಂಡಕ್ಕೆ ಬಿತ್ತು.

ಕೆಂಪು ಮುರಕಲ್ಲಿನ ಗಟ್ಟಿ ನೆಲದ ಆ ಮೈದಾನದಲ್ಲಿ ಹುಲ್ಲು ನಿಲ್ಲುವುದಿಲ್ಲ. ಗುಂಡಿಯ ಸುತ್ತಲೂ ಎಣ್ಣೆ ಬೆರೆಸಿದ ಮರಳು ಹಾಸಿರುತ್ತದೆ. ಅಲ್ಲಿ ಹೊಡೆಯುವ ಮೊದಲು ಹೆಜ್ಜೆ ಗುರುತುಗಳನ್ನು ಹಲಗೆಯಿಂದ ಸಮ ಮಾಡಬಹುದು. ಪಿಯುಸ್‌ಗೆ ಇದನ್ನು ಕಲಿಸಿದವನು ತಾರಾನಾಥನೇ. ಆದರೆ ಮರಳ ಹೊಂಡದ ನಿಯಮ ಬೇರೆ. ಅಲ್ಲಿ ಹೊಡೆಯುವ ಮೊದಲು ಮರಳು ಮುಟ್ಟಿದರೆ ಆ ಗುಂಡಿ ಎದುರಾಳಿಗೆ ಹೋಗುತ್ತದೆ. ಪಿಯುಸ್‌ಗೆ ಅದು ಗೊತ್ತಿರಲಿಲ್ಲ. ಅಭ್ಯಾಸದಂತೆ ಅಂಚಿನಲ್ಲಿದ್ದ ಹಲಗೆ ಎತ್ತಿಕೊಂಡ. ತಾರಾನಾಥನ ಬಾಯಿ ಅರ್ಧ ತೆರೆಯಿತು, ಮತ್ತೆ ಮುಚ್ಚಿತು. ಪಿಯುಸ್ ನಿಧಾನವಾಗಿ ಮರಳು ಎಳೆದು, ಹಲಗೆಯನ್ನು ಜಾಗಕ್ಕಿಟ್ಟು, ಚೆಂಡಿನ ಬಳಿ ನಿಂತ ಮೇಲೆಯೇ ತಾರಾನಾಥ ಕಿಸೆಯಿಂದ ನಿಯಮದ ಪುಸ್ತಕ ತೆಗೆದದ್ದು. ಆ ಗುಂಡಿಯೊಂದಿಗೆ ಪಂದ್ಯವೂ ಅವನದಾಯಿತು.

ಹೊಂಡದ ಅಂಚಿನಲ್ಲಿ ನಿಂತಿದ್ದ ಆಶಾಲತಾ ಇದನ್ನೆಲ್ಲ ನೋಡಿದ್ದಳು.

ಈಗ ತಾರಾನಾಥ ಕೈಯಲ್ಲಿ ಒಂದು ಕಾಗದ ಹಿಡಿದು ಜಗಲಿಗೆ ಬಂದ. ನಾಳೆ ಪೇಂಟರ್ ಕಾರ್ಖಾನೆಯ ಗಾಲ್ಫ್ ಕ್ಲಬ್ಬಿನ ವಿಜೇತರ ಬೋರ್ಡಿನಲ್ಲಿ '1984' ಎಂಬುದರ ಮುಂದೆ ಬರೆಯಬೇಕಾದ ಅವನ ಹೆಸರು ಅದರಲ್ಲಿತ್ತು.

"ಎಂತ ಮಾರಾಯ, ಒಂದು ಆಟ ಸೋತದ್ದಕ್ಕೆ ಸನ್ಯಾಸವಾ?"

"ಸೋತದ್ದಕ್ಕಲ್ಲ ಸರ್." ಪಿಯುಸ್ ಚೀಲವನ್ನು ಜಗಲಿಯ ಕಂಬಕ್ಕೆ ಒರಗಿಸಿ ಕುಳಿತ. "ನಿನ್ನೆ ಆಟ ಮುಗಿದು ಚಾ ಕುಡಿಯುವಾಗ ಕ್ಲಬ್ಬಿನಲ್ಲಿ ಹೇಳ್ತಿದ್ರು, ಮರಳು ಸರಿ ಮಾಡಿ ಗೆಲ್ಲಲಿಕ್ಕೆ ನೋಡಿದ ಅಂತ. ಇವತ್ತು ಇಗರ್ಜಿ ಮೆಟ್ಟಿಲಲ್ಲಿಯೂ ಅದೇ ಮಾತು. ಎಸ್ತೆರ್ ಕೇಳಿದಳು, ನೀವು ನಿಜವಾಗಿ ಮೋಸ ಮಾಡಿದ್ರಾ ಅಂತ. ನಾನು ಎಂತ ಹೇಳಲಿ?"

"ಮೋಸ ಅಂತ ನಾನು ಹೇಳಿದೆನಾ?"

"ನೀವು ಹೇಳಲಿಲ್ಲ. ಅಲ್ಲ ಅಂತಲೂ ಹೇಳಲಿಲ್ಲ."

ಶಶಿಪ್ರಭಾ ಚಹಾ ತಂದಿಟ್ಟಳು. ಯಾರೂ ಲೋಟ ಮುಟ್ಟಲಿಲ್ಲ.

"ನೋಡು ಪಿಯುಸ್," ತಾರಾನಾಥನ ದನಿ ಏರಿತು. "ನಿಯಮ ನಾನು ಮಾಡಿದ್ದಲ್ಲ. ಗೊತ್ತಿರಲಿಲ್ಲ ಅಂದರೆ ಕೋರ್ಟಿನಲ್ಲಿ ಬಿಡ್ತಾರಾ? ನನ್ನ ಮೇಲೂ ಹೀಗೆ ಎಷ್ಟು ನಿಯಮ ಹಾಕಿದ್ದಾರೆ ಗೊತ್ತುಂಟಾ? ಮೊದಲ ಫೈನಲ್‌ನಲ್ಲಿ ಎದುರಿನವನ ಹತ್ತಿರ ಯಾವ ಕೋಲಲ್ಲಿ ಹೊಡೆದಿರಿ ಅಂತ ಕೇಳಿದೆ. ಅದೂ ಸಲಹೆ ಕೇಳಿದ ಹಾಗೆ ಅಂತ, ಅಷ್ಟಕ್ಕೇ ಗುಂಡಿ ಹೋಯಿತು. ಎಲ್ಲರೂ ನಕ್ಕರು. ಆ ರಾತ್ರಿಯೇ ಪುಸ್ತಕ ಬಾಯಿಪಾಠ ಮಾಡಲಿಕ್ಕೆ ಶುರು ಮಾಡಿದೆ."

"ನಕ್ಕಾಗ ನಿಮಗೆ ಹೇಗಾಯಿತು?" ಶಶಿಪ್ರಭಾ ಮೆಲ್ಲಗೆ ಕೇಳಿದಳು.

ತಾರಾನಾಥ ಮಗಳ ಕಡೆ ತಿರುಗಿದ. "ಆಶಾ, ಆ ಪುಸ್ತಕ ತಾ. ಮರಳಿನ ನಿಯಮ ಓದು. ಇವನೂ ಕೇಳಲಿ."

ದಿನಾ ಸಂಜೆ ಅಪ್ಪನಿಗೆ ಪ್ರಶ್ನೆ ಹಾಕಿ, ತಪ್ಪಿದಲ್ಲಿ ತಿದ್ದುವವಳು ಅವಳೇ. ಒಳಗಿಂದ ಪುಸ್ತಕ ತಂದು, ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಅರ್ಥ ಹೇಳಿದಳು. "ಹೊಂಡದಲ್ಲಿ ಚೆಂಡಿರುವಾಗ, ಹೊಡೆಯುವ ಮೊದಲು ಮರಳು ಮುಟ್ಟಬಾರದು."

"ಕೇಳಿತಲ್ಲ?"

"ಕೇಳಿತು ಸರ್. ಅದು ಸರಿಯೇ. ನಾನು ಮುಟ್ಟಿದ್ದು ಹೌದು." ಪಿಯುಸ್ ಎದ್ದ. "ಬರ್ತೇನೆ."

ಆಶಾಲತಾ ಪುಸ್ತಕ ಮುಚ್ಚಲಿಲ್ಲ. ಹಾಳೆಗಳನ್ನು ಹಿಂದಕ್ಕೆ ತಿರುಗಿಸಿದಳು. ಬೆರಳು ಹುಡುಕುತ್ತಾ ಹೋಗಿ ಒಂದು ಸಾಲಿನ ಮೇಲೆ ನಿಂತಿತು.

"ಇನ್ನೊಂದು ಉಂಟು," ಎಂದಳು. ದನಿ ಸಣ್ಣದಾಗಿತ್ತು. "ಎದುರಾಳಿಗೆ ಹೇಗೆ ಹೊಡೆಯಬೇಕು ಅಂತ ಸಲಹೆ ಕೊಡಬಾರದು. ಆದರೆ ನಿಯಮ ಏನು ಅಂತ ತಿಳಿಸಿದರೆ ಅದು ಸಲಹೆ ಅಲ್ಲ. ಅದನ್ನು ಯಾರಿಗೂ ಹೇಳಬಹುದು."

ಪಿಯುಸ್ ಮೆಟ್ಟಿಲಲ್ಲೇ ನಿಂತ. ತಾರಾನಾಥ ಕಾಗದವನ್ನು ಸುಮ್ಮನೆ ಎರಡಾಗಿ ಮಡಿಸಿದ, ಮತ್ತೆ ನಾಲ್ಕಾಗಿ ಮಡಿಸಿದ. ಈ ಸಾಲು ಅವನಿಗೂ ಬಾಯಿಪಾಠವಿತ್ತು. ಮಗಳ ಪ್ರಶ್ನೆಗೆ ಎಷ್ಟೋ ಸಂಜೆ ಸರಿಯಾಗಿ ಉತ್ತರ ಹೇಳಿ ಬೆನ್ನು ತಟ್ಟಿಸಿಕೊಂಡ ಸಾಲು.

"ಆಶಾ, ಸಾಕು, ಒಳಗೆ ಹೋಗು," ಎಂದ. ಆದರೆ ಆ ಮಾತಿನಲ್ಲಿ ಗದರಿಕೆ ಇರಲಿಲ್ಲ.

ಅವಳು ಅಮ್ಮನ ಕಡೆ ನೋಡಿದಳು. ಶಶಿಪ್ರಭಾಳ ಕೈಯಲ್ಲಿ ಇನ್ನೂ ಮೀನಿನ ವಾಸನೆಯಿತ್ತು. ಆದರೂ ಆ ಕೈಯನ್ನು ಮಗಳ ಬೆನ್ನ ಮೇಲಿಟ್ಟಳು. ಒಳಗೆ ಕಳಿಸಲಿಲ್ಲ.

ಆಶಾಲತಾ ಪುಸ್ತಕವನ್ನು ಎದೆಗವಚಿಕೊಂಡು, ನಿನ್ನೆಯಿಂದ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟಳು:

"ಅಪ್ಪಾ, ಪಿಯುಸ್ ಅಂಕಲ್ ಹಲಗೆ ಎತ್ತಿಕೊಳ್ಳುವಾಗ ನೀವು ಎಂತದೋ ಹೇಳ್ಲಿಕ್ಕೆ ಬಾಯಿ ತೆರೆದಿರಲ್ಲ, ಮತ್ತೆ ಯಾಕೆ ಹೇಳಲಿಲ್ಲ?"